ಊರಿಗೆ ಗೋದಾಮು, ವಾಣಿಜ್ಯ ಸಂಕೀರ್ಣ, ಬಡಾವಣೆ ಬಂದರೆ ನಗರಸಭೆ ಖಜಾನೆಗೆ ನಿಜಕ್ಕೂ ಎಷ್ಟು ಸೇರುತ್ತದೆ?

ಕೆರೆಯಂಗಳ

ತಾಲ್ಲೂಕು ಕೇಂದ್ರದ ಒಂದು ನಗರಸಭೆ ಅಂದುಕೊಳ್ಳಿ. ಒಂದೇ ವರ್ಷದಲ್ಲಿ ಮೂರು ಪ್ರಸ್ತಾವ ಬಂದಿವೆ. ಹೆದ್ದಾರಿ ಬದಿಗೆ 1 ಎಕರೆಯಲ್ಲಿ ಗೋದಾಮು, ಬಸ್ ನಿಲ್ದಾಣದ ಹತ್ತಿರ 10 ಗುಂಟೆಯಲ್ಲಿ ನಾಲ್ಕು ಅಂತಸ್ತಿನ ವಾಣಿಜ್ಯ ಸಂಕೀರ್ಣ, ಊರಾಚೆ 10 ಎಕರೆಯ ಖಾಸಗಿ ಬಡಾವಣೆ. ವ್ಯಾಪಾರ ಬೆಳೆದರೆ ನಗರಸಭೆಗೆ ದುಡ್ಡು ತಾನಾಗಿ ಬರುತ್ತದೆ ಎಂದು ಸದಸ್ಯರೂ ಹೇಳುತ್ತಾರೆ, ಪತ್ರಿಕೆಗಳೂ ಬರೆಯುತ್ತವೆ. ಯಾವ ಹಣ ಯಾರ ಕೈ ಸೇರುತ್ತದೆ, ಯಾವುದು ಒಂದೇ ಸಲ, ಯಾವುದು ವರ್ಷವರ್ಷ, ಇದರ ಲೆಕ್ಕ ಬಿಡಿಸಿ ಹೇಳಬಲ್ಲವರು ದಯವಿಟ್ಟು ಬರೆಯಿರಿ. ರಸ್ತೆ, ದೀಪ, ಕಸ, ನೀರಿನ ಖರ್ಚೂ ಸೇರಿದರೆ ಒಳ್ಳೆಯದು.

ತಖ್ತೆ_ಬರೆಯುವವರು

ಮೊದಲು ಒಂದು ಭ್ರಮೆ ಹೋಗಬೇಕು. ಅಂಗಡಿಯ ವಹಿವಾಟಿಗೂ ನಗರಸಭೆಯ ಖಜಾನೆಗೂ ನೇರ ಕೊಂಡಿ ಇಲ್ಲ. ಒಂದೇ ಬೀದಿಯಲ್ಲಿ ಒಂದೇ ಅಳತೆಯ ಎರಡು ಮಳಿಗೆ ಇದ್ದು, ಒಂದರಲ್ಲಿ ವರ್ಷಕ್ಕೆ 20 ಲಕ್ಷ, ಇನ್ನೊಂದರಲ್ಲಿ 2 ಕೋಟಿ ವ್ಯಾಪಾರವಾದರೂ ನಗರಸಭೆಗೆ ಎರಡರಿಂದಲೂ ಬರುವ ಆಸ್ತಿ ತೆರಿಗೆ ಒಂದೇ.

ಹಿಂದೆ ಹೀಗಿರಲಿಲ್ಲ. ಊರಿನ ನಾಕಾದಲ್ಲಿ ಗಾಡಿ ನಿಲ್ಲಿಸಿ ಆಕ್ಟ್ರಾಯ್ ವಸೂಲಿ ಮಾಡುವಾಗ ಸರಕು ಬಂದಷ್ಟೂ ಪುರಸಭೆಗೆ ಹಣ. ಕರ್ನಾಟಕದಲ್ಲಿ 1979ರಲ್ಲಿ ಅದನ್ನು ತೆಗೆದರು. ಬದಲಿಗೆ ಬಂದ ಪ್ರವೇಶ ತೆರಿಗೆಯನ್ನು ರಾಜ್ಯ ಸರ್ಕಾರ ವಸೂಲಿ ಮಾಡಿತು, ಸ್ಥಳೀಯ ಸಂಸ್ಥೆಗೆ ಪರಿಹಾರ ರೂಪದ ಅನುದಾನ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಪ್ರವೇಶ ತೆರಿಗೆ ಅದರೊಳಗೆ ಕರಗಿತು, ಜಾಹೀರಾತು ತೆರಿಗೆಯ ಅಧಿಕಾರವೂ ಹೋಯಿತು. ಜಾಹೀರಾತು ಫಲಕಕ್ಕೆ ಈಗ ನಗರಸಭೆ ಕೇಳಬಹುದಾದದ್ದು ಪರವಾನಗಿ ಶುಲ್ಕ ಮತ್ತು ತನ್ನ ಜಾಗದ ನೆಲಬಾಡಿಗೆ, ತೆರಿಗೆ ಅಲ್ಲ. ಹೋಲಿಕೆಗೆ ಮಹಾರಾಷ್ಟ್ರ ನೋಡಿ. ಮುಂಬಯಿ ಆಕ್ಟ್ರಾಯ್ 2017ರವರೆಗೂ ಇತ್ತು. ಅದು ಹೋದಾಗ ಆ ರಾಜ್ಯ ಪ್ರತ್ಯೇಕ ಕಾನೂನು ಮಾಡಿ, ವರ್ಷಕ್ಕೆ ಶೇ. 8ರಷ್ಟು ಏರುವ ಪರಿಹಾರವನ್ನು ಪಾಲಿಕೆಗೆ ಖಾತರಿ ಮಾಡಿತು. ನಮ್ಮಲ್ಲಿ ಅಂಥ ಖಾತರಿ ಇಲ್ಲ.

ನಿಮ್ಮ ಮೂರು ಪ್ರಸ್ತಾವಗಳಿಂದ ಹುಟ್ಟುವ ಹಣ ಹರಿಯುವ ದಿಕ್ಕು ಹೀಗೆ. ಮಾರಾಟದ ಜಿಎಸ್‌ಟಿ ಕೇಂದ್ರಕ್ಕೆ ಮತ್ತು ರಾಜ್ಯಕ್ಕೆ. ಲಾಭದ ಮೇಲಿನ ಆದಾಯ ತೆರಿಗೆ ಕೇಂದ್ರಕ್ಕೆ. ನೌಕರರ ವೃತ್ತಿ ತೆರಿಗೆ ರಾಜ್ಯಕ್ಕೆ. ಕಟ್ಟಡ ವೆಚ್ಚದ ಮೇಲಿನ ಶೇ. 1 ಕಾರ್ಮಿಕ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. ನಗರಸಭೆಗೆ ಉಳಿಯುವುದು ಆಸ್ತಿ ತೆರಿಗೆ, ಕಟ್ಟಡ ಪರವಾನಗಿ ಮತ್ತು ಅಭಿವೃದ್ಧಿ ಶುಲ್ಕ, ಉದ್ದಿಮೆ ಪರವಾನಗಿ, ನೀರು ಮತ್ತು ಒಳಚರಂಡಿ ಶುಲ್ಕ, ಕಸದ ಶುಲ್ಕ, ಸ್ವಂತ ಮಳಿಗೆಗಳ ಬಾಡಿಗೆ, ಮುದ್ರಾಂಕ ಶುಲ್ಕದ ಮೇಲಿನ ಸರ್‌ಚಾರ್ಜ್‌ನ ಪಾಲು. ಎಲ್ಲವೂ ನೆಲಕ್ಕೆ, ಗೋಡೆಗೆ, ನಲ್ಲಿಗೆ ಅಂಟಿಕೊಂಡವು.

ಹೊಳೆಸಾಲು

ಮುದ್ರಾಂಕದ ಪಾಲು ದೊಡ್ಡದಿರಬೇಕಲ್ಲ ಸರ್? ಬಡಾವಣೆ ಆದರೆ ನೋಂದಣಿ ಕಚೇರಿ ಮುಂದೆ ಸಾಲೇ ಇರುತ್ತದೆ.

ತಖ್ತೆ_ಬರೆಯುವವರು

ಸಾಲು ಉದ್ದ, ಪಾಲು ಸಣ್ಣದು. ನಗರ ವ್ಯಾಪ್ತಿಯ 60 ಲಕ್ಷದ ಆಸ್ತಿಯ ಕ್ರಯಪತ್ರ ತೆಗೆದುಕೊಳ್ಳಿ. ಶೇ. 5 ಮುದ್ರಾಂಕ ಶುಲ್ಕ 3,00,000. ಆ ಶುಲ್ಕದ ಮೇಲೆ ಶೇ. 10 ಸೆಸ್ 30,000, ಶೇ. 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2, ಅಂದರೆ 1,20,000. ಕೊಳ್ಳುವವರು ಕಟ್ಟುವುದು ಒಟ್ಟು 4,56,000. ಅದರಲ್ಲಿ ಸ್ಥಳೀಯ ಸಂಸ್ಥೆಗಳ ಹೆಸರಿನಲ್ಲಿರುವುದು ಆ 6,000 ರೂಪಾಯಿ ಸರ್‌ಚಾರ್ಜ್ ಮಾತ್ರ. ಅದೂ ಉಪನೋಂದಣಾಧಿಕಾರಿ ಕಚೇರಿಯಿಂದ ನೇರ ಬರುವುದಿಲ್ಲ, ಸರ್ಕಾರದ ಮೂಲಕ ಬಿಡುಗಡೆಯಾಗಬೇಕು. ಬಜೆಟ್‌ನಲ್ಲಿ ಇದನ್ನು ಖಚಿತ ವರಮಾನ ಎಂದು ಬರೆದುಕೊಂಡು, ಅದರ ಮೇಲೆ ಕಾಮಗಾರಿಗೆ ಟೆಂಡರ್ ಕರೆಯುವುದೇ ಗುತ್ತಿಗೆದಾರರ ಬಿಲ್ ಬಾಕಿಯ ಒಂದು ಮೂಲ.

ಗಡಿಸಾಲು_ಆನೇಕಲ್

ವೃತ್ತಿ ತೆರಿಗೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದರಲ್ಲಿ ನಾವು ಕಳೆದುಕೊಂಡದ್ದು ಬಹಳ.

ಸಂವಿಧಾನದ 276ನೇ ವಿಧಿಯ ಪ್ರಕಾರ ಒಬ್ಬರ ಮೇಲೆ ವರ್ಷಕ್ಕೆ 2,500 ರೂಪಾಯಿಗಿಂತ ಹೆಚ್ಚು ವೃತ್ತಿ ತೆರಿಗೆ ಹಾಕುವಂತಿಲ್ಲ. ಈ ಮಿತಿ 1988ರದ್ದು, ಇವತ್ತಿಗೂ ಬದಲಾಗಿಲ್ಲ. ಕರ್ನಾಟಕದಲ್ಲಿ 1976ರ ಕಾಯ್ದೆಯಡಿ ರಾಜ್ಯವೇ ವಸೂಲಿ ಮಾಡುತ್ತದೆ. ತಿಂಗಳಿಗೆ 25,000 ಮತ್ತು ಮೇಲ್ಪಟ್ಟ ಸಂಬಳಕ್ಕೆ 200 ರೂಪಾಯಿ, 2025ರಿಂದ ಫೆಬ್ರವರಿಯಲ್ಲಿ ಮಾತ್ರ 300, ಅಲ್ಲಿಗೆ ವರ್ಷಕ್ಕೆ ಸರಿಯಾಗಿ 2,500.

ಅತ್ತಿಬೆಲೆ ಗಡಿ ದಾಟಿ ಹೊಸೂರಿಗೆ ಹೋಗಿ. ತಮಿಳುನಾಡಿನಲ್ಲಿ ಈ ತೆರಿಗೆ ಸ್ಥಳೀಯ ಸಂಸ್ಥೆಯದು, ಆರು ತಿಂಗಳಿಗೊಮ್ಮೆ ಕಟ್ಟಬೇಕು. ಕೇರಳದಲ್ಲೂ ಹಾಗೆಯೇ. ಗರಿಷ್ಠ ಹಂತದಲ್ಲಿರುವ 1,000 ನೌಕರರ ಕಾರ್ಖಾನೆ ಎಂದರೆ ಅಲ್ಲಿನ ಪಾಲಿಕೆಗೆ ವರ್ಷಕ್ಕೆ 25 ಲಕ್ಷ. ಅದೇ ಕಾರ್ಖಾನೆ ಗಡಿಯ ಈಚೆ ಇದ್ದರೆ ಇಲ್ಲಿನ ಪುರಸಭೆಗೆ ಸೊನ್ನೆ. ಉದ್ಯೋಗ ತರುವ ಘಟಕಕ್ಕೆ ಜಾಗ, ನೀರು, ರಸ್ತೆ ಕೊಡುವುದು ಊರು. ಉದ್ಯೋಗದ ಮೇಲಿನ ತೆರಿಗೆ ಪಡೆಯುವುದು ರಾಜ್ಯ. ಕರ್ನಾಟಕದ ಪುರಸಭೆಗಳು ಉದ್ಯೋಗ ಸೃಷ್ಟಿಯಲ್ಲಿ ಆಸಕ್ತಿ ತೋರುವುದಿಲ್ಲ ಎಂದು ದೂರುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಚದರಡಿ

ಈಗ ಆಸ್ತಿ ತೆರಿಗೆ. ಬೆಂಗಳೂರಿಗೂ ಉಳಿದ ಊರುಗಳಿಗೂ ಪದ್ಧತಿ ಬೇರೆ, ಎರಡನ್ನೂ ಕಲಸಬೇಡಿ.

ಬೆಂಗಳೂರಿನಲ್ಲಿ 2008-09ರಿಂದ ವಿಸ್ತೀರ್ಣದ ಘಟಕ ಮೌಲ್ಯ ಪದ್ಧತಿ. ಊರನ್ನು ಮಾರ್ಗಸೂಚಿ ಬೆಲೆ (ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ನೋಡಿ ಎಯಿಂದ ಎಫ್ ತನಕ ಆರು ವಲಯ ಮಾಡಿದರು. ಪ್ರತಿ ವಲಯದಲ್ಲಿ ಬಳಕೆಗೆ ತಕ್ಕಂತೆ ಚದರಡಿಗೆ ತಿಂಗಳ ದರ. ಅದನ್ನು ವಿಸ್ತೀರ್ಣದಿಂದ ಗುಣಿಸಿ, 12ರ ಬದಲು 10 ತಿಂಗಳಿಂದ ಗುಣಿಸಬೇಕು. ಬಂದದ್ದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆದು, ವಾಸಕ್ಕಾದರೆ ಶೇ. 20, ವಾಸೇತರಕ್ಕೆ ಶೇ. 25 ತೆರಿಗೆ. ಅದರ ಮೇಲೆ ಸೆಸ್.

ಲೆಕ್ಕ ತಿಳಿಯಲೆಂದು ಕಲ್ಪಿತ ದರ ಇಡೋಣ. 1,000 ಚದರಡಿ ಮನೆ, ದರ 4 ರೂಪಾಯಿ: 4 × 1,000 × 10 = 40,000. ಸವಕಳಿ ಶೇ. 10 ಕಳೆದರೆ 36,000. ಶೇ. 20ರಂತೆ 7,200, ಶೇ. 24 ಸೆಸ್ 1,728, ಒಟ್ಟು 8,928. ಅದೇ ವಿಸ್ತೀರ್ಣದ ಅಂಗಡಿ, ದರ 10 ರೂಪಾಯಿ: 1,00,000ದಲ್ಲಿ ಶೇ. 10 ಕಳೆದು 90,000. ಶೇ. 25ರಂತೆ 22,500, ಸೆಸ್ 5,400, ಒಟ್ಟು 27,900. ಮೂರು ಪಟ್ಟಿಗೂ ಹೆಚ್ಚು.

ಉಳಿದ ನಗರಸಭೆ, ಪುರಸಭೆ, ಪಾಲಿಕೆಗಳಲ್ಲಿ ಬಂಡವಾಳ ಮೌಲ್ಯ ಪದ್ಧತಿ. ನಿವೇಶನದ ಮಾರ್ಗಸೂಚಿ ಬೆಲೆ ಒಂದು ಕಡೆ, ಕಟ್ಟಡದ ಬೆಲೆಯಲ್ಲಿ ಸವಕಳಿ ಕಳೆದದ್ದು ಇನ್ನೊಂದು ಕಡೆ. ಎರಡನ್ನೂ ಕೂಡಿ, ಕಾನೂನು ಹೇಳುವಷ್ಟು ಭಾಗವನ್ನು ತೆರಿಗೆಗೆ ಒಳಪಡುವ ಮೌಲ್ಯ ಎಂದು ತೆಗೆದುಕೊಂಡು, ಕೌನ್ಸಿಲ್ ಗೊತ್ತುಮಾಡಿದ ಶೇಕಡಾವಾರು ದರ ಹಾಕಬೇಕು. ಮೊದಲು ಮೂರು ವರ್ಷಕ್ಕೊಮ್ಮೆ ಶೇ. 15 ಏರಿಸುವ ಕ್ರಮ ಇತ್ತು, 2021ರ ತಿದ್ದುಪಡಿಯ ನಂತರ ವರ್ಷಕ್ಕೆ ಶೇ. 3ರಿಂದ 5. ಅಂದರೆ ಊರಿನಲ್ಲಿ ಜಮೀನಿನ ಬೆಲೆ ಎರಡು ವರ್ಷದಲ್ಲಿ ದುಪ್ಪಟ್ಟಾದರೂ ಹಳೆಯ ಕಟ್ಟಡದ ತೆರಿಗೆ ನಿಧಾನಕ್ಕೇ ಏರುತ್ತದೆ. ಬೆಳವಣಿಗೆಯ ಫಲ ಖಜಾನೆಗೆ ಬೇಗ ಸೇರಬೇಕಾದರೆ ಹೊಸ ಕಟ್ಟಡ, ಹೆಚ್ಚುವರಿ ಅಂತಸ್ತು, ಬಳಕೆ ಬದಲಾವಣೆ ಈ ಮೂರೂ ಆ ವರ್ಷವೇ ವಹಿಗೆ ಏರಬೇಕು. ಸೋರುವುದೂ ಇಲ್ಲಿಯೇ.

ಕೆರೆಯಂಗಳ

ಮೇಡಂ, ಹಾಗಾದರೆ ನನ್ನ ಮೂರು ಪ್ರಸ್ತಾವಕ್ಕೆ ಲೆಕ್ಕ ಹಾಕಿದರೆ?

ಚದರಡಿ

ಹಾಕೋಣ. ಒಟ್ಟು ತೆರಿಗೆ ನೋಡಿ ಮೋಸ ಹೋಗಬೇಡಿ, ಗುಂಟೆಗೆ ಎಷ್ಟು ಎಂದು ನೋಡಿ. ನಗರಸಭೆಯ ರಸ್ತೆ, ಚರಂಡಿ, ಪೈಪು ಓಡುವುದು ನೆಲದ ಉದ್ದಕ್ಕೆ.

ದರಗಳು ನನ್ನ ಊಹೆ, ನಿಮ್ಮ ನಗರಸಭೆಯ ದರಪಟ್ಟಿ ಇಟ್ಟು ತಿದ್ದಿಕೊಳ್ಳಿ. ವರ್ಷಕ್ಕೆ ಚದರಡಿಗೆ ಗೋದಾಮಿಗೆ 6 ರೂಪಾಯಿ, ಮಳಿಗೆಗೆ 14, ಮನೆಗೆ 4, ಖಾಲಿ ನಿವೇಶನಕ್ಕೆ 50 ಪೈಸೆ.

ಗೋದಾಮು: 1 ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಲಾರಿ ತಿರುಗಲು ಅರ್ಧ ಬಿಟ್ಟು ಅರ್ಧದಲ್ಲಿ ಒಂದಂತಸ್ತಿನ ಶೆಡ್, 21,780 ಚದರಡಿ. ತೆರಿಗೆ 1,30,680. ಗುಂಟೆಗೆ 3,267.

ವಾಣಿಜ್ಯ ಸಂಕೀರ್ಣ: 10 ಗುಂಟೆ, 10,890 ಚದರಡಿ. ಅರ್ಧ ಜಾಗದಲ್ಲಿ ನಾಲ್ಕು ಅಂತಸ್ತು, ಒಟ್ಟು ಅದೇ 21,780 ಚದರಡಿ. ತೆರಿಗೆ 3,04,920. ಗುಂಟೆಗೆ 30,492. ಗೋದಾಮಿನ ಒಂಬತ್ತು ಪಟ್ಟು.

ಇನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಹಳೇ ಪೇಟೆ ಬೀದಿ. 30 × 40ರ ನಿವೇಶನ, ಕೆಳಗೆ 900 ಚದರಡಿ ಅಂಗಡಿ, ಮೇಲೆರಡು ಅಂತಸ್ತಿನಲ್ಲಿ ತಲಾ 900 ಚದರಡಿ ಮನೆ. ಅಂಗಡಿಯಿಂದ 12,600, ಮನೆಗಳಿಂದ 7,200, ಒಟ್ಟು 19,800. ನಿವೇಶನ 1.1 ಗುಂಟೆ, ಹಾಗಾಗಿ ಗುಂಟೆಗೆ ಹತ್ತಿರ ಹತ್ತಿರ 18,000. ಹೊಸ ರಸ್ತೆ ಬೇಡ, ಹೊಸ ಕೊಳವೆ ಬೇಡ, ಯಾವ ರಿಯಾಯಿತಿಯೂ ಬೇಡ. ಹೆದ್ದಾರಿ ಗೋದಾಮಿನ ಐದೂವರೆ ಪಟ್ಟು ತೆರಿಗೆ ಕೊಡುವ ಈ ಬೀದಿಯ ಚರಂಡಿ ತುಂಬಿದರೆ ಕೇಳುವವರಿಲ್ಲ, ಹೆದ್ದಾರಿ ಬದಿಗೆ ಮಾತ್ರ ಜೋಡಿ ದೀಪದ ಕಂಬ ಹಾಕುತ್ತಾರೆ. ನನಗೆ ಇದು ತುಂಬಾ ಅನ್ಯಾಯ ಅನ್ನಿಸುತ್ತದೆ.

ನೀಲನಕ್ಷೆ

ಬಡಾವಣೆಯ ಲೆಕ್ಕ ನಾನು ಮಾಡುತ್ತೇನೆ, ಎಡವುವುದು ಹೆಚ್ಚಾಗಿ ಇದರಲ್ಲೇ.

10 ಎಕರೆ, 4,35,600 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಶೇ. 55 ಮಾರಾಟಕ್ಕೆ ಸಿಕ್ಕಿತು ಎಂದರೆ 30 × 40ರ ಸುಮಾರು 200 ನಿವೇಶನ. ಅನುಮೋದನೆ ಸಮಯದಲ್ಲಿ ಅಭಿವೃದ್ಧಿ ಶುಲ್ಕದ ದೊಡ್ಡ ಮೊತ್ತ ಒಮ್ಮೆಲೇ ಬರುತ್ತದೆ. ಖಜಾನೆ ತುಂಬಿದಂತೆ ಕಾಣುತ್ತದೆ. ಅದಾದ ಮೇಲೆ ಬರುವುದು ಖಾಲಿ ನಿವೇಶನಕ್ಕೆ 600ರಂತೆ ವರ್ಷಕ್ಕೆ 1,20,000 ಮಾತ್ರ.

ಖರ್ಚು ನೋಡಿ. 60 ಕಂಬ, 40 ವ್ಯಾಟ್‌ನ ಎಲ್‌ಇಡಿ, ದಿನಕ್ಕೆ 11 ಗಂಟೆ: ದಿನಕ್ಕೆ 26.4 ಯೂನಿಟ್, ವರ್ಷಕ್ಕೆ 9,636. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 67,452. ಬೀದಿದೀಪವೇ ತೆರಿಗೆಯ ಅರ್ಧಕ್ಕಿಂತ ಹೆಚ್ಚು ತಿಂದಿತು. ಡಾಂಬರು ಇರುವ ಭಾಗ 6,000 ಚದರ ಮೀಟರ್, ಮರುಡಾಂಬರೀಕರಣಕ್ಕೆ ಚದರ ಮೀಟರ್‌ಗೆ 500 ಎಂದರೂ 30 ಲಕ್ಷ. ಏಳು ವರ್ಷಕ್ಕೊಮ್ಮೆ ಮಾಡಿದರೆ ವರ್ಷಕ್ಕೆ 4.3 ಲಕ್ಷ ಎತ್ತಿಡಬೇಕು. ಎರಡೇ ಸೇರಿ 5 ಲಕ್ಷ ಆಯಿತು, ಕಸ, ಚರಂಡಿ, ಉದ್ಯಾನ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

1,500 ಚದರಡಿಯ ಮನೆ ಕಟ್ಟಿದಾಗ ತೆರಿಗೆ 600ರಿಂದ 6,000ಕ್ಕೆ ಏರುತ್ತದೆ. ಆ 5 ಲಕ್ಷ ಹುಟ್ಟಬೇಕಾದರೆ 200ರಲ್ಲಿ ಕನಿಷ್ಠ 70 ಮನೆ ಎದ್ದಿರಬೇಕು. ಹೂಡಿಕೆಗೆಂದು ನಿವೇಶನ ಕೊಂಡು ಹತ್ತು ಹದಿನೈದು ವರ್ಷ ಹಾಗೇ ಬಿಡುವ ಊರುಗಳಲ್ಲಿ ಆ 70 ಮನೆ ಆಗುವ ಹೊತ್ತಿಗೆ ಮೊದಲ ಡಾಂಬರು ಕಿತ್ತುಹೋಗಿ ಎರಡನೆಯದಕ್ಕೆ ಸಮಯ ಬಂದಿರುತ್ತದೆ.

ಮಾಡಬೇಕಾದ್ದು ಇಷ್ಟು. ಬಂದ ಅಭಿವೃದ್ಧಿ ಶುಲ್ಕವನ್ನು ಸಾಮಾನ್ಯ ನಿಧಿಗೆ ಬೆರೆಸಬೇಡಿ, ಪ್ರತ್ಯೇಕ ಖಾತೆಯಲ್ಲಿಟ್ಟು ಬಂಡವಾಳ ಕಾಮಗಾರಿಗೆ ಮಾತ್ರ ತೆಗೆಯಿರಿ. ನಿವೇಶನಗಳನ್ನು ಕಾಮಗಾರಿ ಮುಗಿದಂತೆ ಹಂತಹಂತವಾಗಿ ಬಿಡುಗಡೆ ಮಾಡುವ ನಿಯಮ ಇರುವುದೇ ಮಾಲೀಕರ ಮೇಲೆ ಹಿಡಿತ ಇರಲಿ ಎಂದು. ಒಳಚರಂಡಿ ಯಂತ್ರಗುಂಡಿಯ (ಮ್ಯಾನ್‌ಹೋಲ್) ಮಟ್ಟ, ನೀರಿನ ಕೊಳವೆಯ ಒತ್ತಡ ಪರೀಕ್ಷೆ, ದೀಪದ ಮೀಟರ್ ಇವು ಆಗುವ ಮೊದಲು ಕೊನೆಯ ಕಂತು ಬಿಟ್ಟರೆ ಉಳಿದ ಕೆಲಸ ನಗರಸಭೆಯ ತಲೆಗೆ. ರಸ್ತೆ, ಉದ್ಯಾನದ ಜಾಗವನ್ನು ಮಾಲೀಕರು ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ ನೋಂದಣಿ ಆಗಿದೆಯೇ ಎಂದೂ ನೋಡಿ. ಆಗದಿದ್ದರೆ ಉದ್ಯಾನ ಎಂದು ನಕ್ಷೆಯಲ್ಲಿದ್ದದ್ದು ಕೆಲವು ವರ್ಷದ ಮೇಲೆ ನಿವೇಶನವಾಗಿ ಮಾರಾಟಕ್ಕೆ ಬರುತ್ತದೆ.

ಹೊಳೆಸಾಲು

ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಇನ್ನೊಂದು ತೊಡಕಿದೆ. ಹಸ್ತಾಂತರ ಆಗುವವರೆಗೆ ಖಾತೆ, ಕಂದಾಯ ಎರಡೂ ಪ್ರಾಧಿಕಾರದಲ್ಲಿ. ಜನ ನಡೆಯುವ ರಸ್ತೆ, ಕಸ ಒಯ್ಯುವ ಗಾಡಿ, ಬೀದಿನಾಯಿ ದೂರು ಮಾತ್ರ ಪಾಲಿಕೆಗೆ. ಹಸ್ತಾಂತರಕ್ಕೆ ಪಾಲಿಕೆ ಒಪ್ಪುವ ಮೊದಲು ಬಾಕಿ ಕಾಮಗಾರಿಯ ಅಂದಾಜು ಮಾಡಿಸಿ ಅಷ್ಟು ಹಣ ಸಮೇತ ಪಡೆಯಬೇಕು. ಬರಿಗೈಲಿ ಪಡೆದರೆ ತೆರಿಗೆ ಬರುತ್ತದೆ, ಅದರ ಹಿಂದೆಯೇ ಹಳೆಯ ಚರಂಡಿ ಸಾಲವೂ ಬರುತ್ತದೆ.

ಪ್ಯಾಟಿ_ಮಂದಿ_ಹುಬ್ಬಳ್ಳಿ

ಎಲ್ಲಾರೂ ತೆರಿಗಿ ಬಗ್ಗೆನ ಬರ್ಯಾಕತ್ತೀರಿ, ಊರಿನ ಸ್ವಂತ ಮಳಿಗಿ ಬಾಡಿಗಿ ಯಾರೂ ಎತ್ತವಲ್ರಿ. ಮಾರ್ಕೆಟ್ ನಡುವಿನ ಮಳಿಗಿ ಅಂದ್ರ ನಗರಸಭಾದ ಬಂಗಾರ ಅದು.

ಹರಾಜಿನಾಗ ಸಾಮಾನ್ಯವಾಗಿ 12 ವರ್ಷದ ಕರಾರು ಮಾಡಿ ಕೊಡ್ತಾರ. ಮುಗದ ಮ್ಯಾಲ ಮತ್ತ ಹರಾಜು ಆಗಬೇಕು. ಆದ್ರ ಹಳೇ ಬಾಡಿಗಿದಾರ ಕೋರ್ಟಿಗೆ ಹೋಗಿ ತಡೆ ತರ್ತಾನ, ಇಲ್ಲಾ ಅವನ ಕಡೆಯಿಂದ ಮತ್ತೊಬ್ಬ ಒಳಬಾಡಿಗಿಗೆ ಹಿಡದಿರ್ತಾನ. ಬಾಜೂಕಿನ ಖಾಸಗಿ ಅಂಗಡಿಗೆ 15,000 ಬಾಡಿಗಿ ನಡದಿದ್ರ ನಗರಸಭಾಕ್ಕ 1,500 ಬರ್ತಿರ್ತದ. ಅಂಥಾವು 100 ಮಳಿಗಿ ಇದ್ರ ತಿಂಗಳಿಗೆ 13.5 ಲಕ್ಷ, ವರ್ಷಕ್ಕ 1.62 ಕೋಟಿ ಹೋತು ನೋಡ್ರಿ. ಕೆರೆಯಂಗಳ ಅವರ ಗೋದಾಮಿನ ತೆರಿಗಿ 1.3 ಲಕ್ಷ ಅಂತ ಮೇಡಂ ತೋರ್ಸ್ಯಾರ. ನೂರಕ್ಕಿಂತ ಹೆಚ್ಚು ಗೋದಾಮು ಬಂದ್ರೂ ಈ ತೂತು ತುಂಬೂದಿಲ್ಲ.

ಮಾಡೂದು ಹ್ಯಾಂಗ ಅಂದ್ರ, ಕರಾರು ಮುಗಿಯೂ ದಿನಾಂಕದ ಪಟ್ಟಿ ಗ್ವಾಡಿಗೆ ಹಚ್ಚಬೇಕು. ಆರು ತಿಂಗಳ ಮೊದ್ಲ ನೋಟೀಸು, ಲೋಕೋಪಯೋಗಿ ಇಲಾಖೆ ಕಡೆಯಿಂದ ಬಾಡಿಗಿ ನಿಗದಿ, ಎಲ್ಲಾ ಮಳಿಗಿ ಒಂದ ಸಲ ಹರಾಜು. ಕೋರ್ಟಿನಾಗ ಮೊದ್ಲ ಕೇವಿಯಟ್, ಅಂದ್ರ ನಮ್ಮನ್ನ ಕೇಳದೇ ತಡೆ ಕೊಡಬ್ಯಾಡ್ರಿ ಅನ್ನೂ ಅರ್ಜಿ, ಹಾಕಿ ಇಡಬೇಕು. ನೋಟೀಸು ಕೊಡೂದು ಒಂದು ದಿನ ತಡಾ ಆದ್ರೂ ಬಾಡಿಗಿ ಇಸ್ಕೊಂಡು ರಸೀದಿ ಕೊಟ್ಟೀರಿ ಅಂದ್ರ, ಕರಾರು ಮುಂದುವರದದ ಅಂತ ಅವನ ವಕೀಲ ಅದನ್ನ ಹಿಡದು ವಾದಾ ಮಾಡ್ತಾನ.

ಚದರಡಿ

ಹುಬ್ಬಳ್ಳಿಯವರು ಹೇಳಿದ್ದು ಬಹಳ ಮುಖ್ಯ. ಇದರ ಪಕ್ಕದಲ್ಲೇ ಉದ್ದಿಮೆ ಪರವಾನಗಿ ಇಡಬೇಕು. ಅದರ ಶುಲ್ಕ ಉದ್ದಿಮೆಯ ಬಗೆ, ಜಾಗ, ಯಂತ್ರದ ಅಶ್ವಶಕ್ತಿ ನೋಡಿ, ವಹಿವಾಟು ನೋಡಿ ಅಲ್ಲ. ಮೊತ್ತ ಸಣ್ಣದು. ಆದರೂ ಆ ಪಟ್ಟಿ ಬೆಲೆಬಾಳುವ ದಾಖಲೆ, ಏಕೆಂದರೆ ಮನೆ ಎಂದು ತೆರಿಗೆ ಕಟ್ಟುವ ಕಟ್ಟಡದಲ್ಲಿ ಏನು ನಡೆಯುತ್ತಿದೆ ಎಂದು ಅದು ಹೇಳುತ್ತದೆ.

ಬಾಕಿ_ವಸೂಲಿ

ಅದನ್ನು ಹಿಡಿಯುವ ಕ್ರಮ ಹೇಳುತ್ತೇನೆ.

ವಿದ್ಯುತ್ ಕಂಪನಿಯಿಂದ ವಾರ್ಡುವಾರು ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಪಟ್ಟಿ ಪಡೆಯಿರಿ, ದರ ವರ್ಗ ಸಮೇತ. ಎಲ್‌ಟಿ-3 ಎಂದರೆ ವಾಣಿಜ್ಯ ಸಂಪರ್ಕ. ಆ ನಂಬರ್ ಇರುವ ಕಟ್ಟಡ ಆಸ್ತಿ ವಹಿಯಲ್ಲಿ ವಾಸ ಎಂದಿದೆಯೇ ನೋಡಿ. ಹೊಂದಿಸಲು ಆಸ್ತಿಯ ಗುರುತಿನ ಸಂಖ್ಯೆಯೊಂದಿಗೆ ಆರ್‌ಆರ್ ನಂಬರ್ ಜೋಡಿಸಬೇಕು, ಹೆಸರಿನಿಂದ ಹೊಂದಿಸಲು ಹೋದರೆ ಕೆಡುತ್ತದೆ. ಒಂದೇ ಹೆಸರು ಮೂರು ಬಗೆಯಲ್ಲಿ ಬರೆದಿರುತ್ತಾರೆ, ಮೀಟರ್ ತೀರಿಹೋದ ಅಜ್ಜನ ಹೆಸರಿನಲ್ಲಿ, ಖಾತೆ ಮೊಮ್ಮಗನ ಹೆಸರಿನಲ್ಲಿ ಇರುತ್ತದೆ. ಆಮೇಲೆ ಬಿಲ್ ಕಲೆಕ್ಟರ್ ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆಯಬೇಕು. ಮನೆಯ ನೆಲಮಹಡಿಯಲ್ಲಿ ಟೈಲರ್ ಅಂಗಡಿ ಇದ್ದರೆ ಆ ಭಾಗಕ್ಕಷ್ಟೇ ವಾಣಿಜ್ಯ ದರ. ಇಡೀ ಕಟ್ಟಡಕ್ಕೆ ಹಾಕಿ ನೋಟೀಸು ಕೊಟ್ಟರೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ, ನ್ಯಾಯವೂ ಅಲ್ಲ.

ಈಗ ಹತ್ತು ನಿಮಿಷದಲ್ಲಿ ಸರಕು ಮುಟ್ಟಿಸುವ ಕಂಪನಿಗಳ ದಾಸ್ತಾನು ಮಳಿಗೆಗಳು ವಾಸದ ಬೀದಿಗಳಲ್ಲಿ ತೆರೆಯುತ್ತಿವೆ. ಬೋರ್ಡು ಇರದು, ಗಿರಾಕಿ ಬಾರರು, ಹಾಗಾಗಿ ವಹಿಯಲ್ಲಿ ಮನೆಯಾಗಿಯೇ ಉಳಿಯುತ್ತವೆ. ಶೀತಲ ಪೆಟ್ಟಿಗೆಗಳ ವಿದ್ಯುತ್ ಬಳಕೆಯೇ ಅವನ್ನು ತೋರಿಸಿಕೊಡುತ್ತದೆ.

ಎರಡನೆಯ ಸೋರಿಕೆ ಖಾತೆ ಇಲ್ಲದ ಆಸ್ತಿ. ಅನಧಿಕೃತ ಬಡಾವಣೆಯ ಮನೆಗಳು ನೀರು, ರಸ್ತೆ ಬಳಸುತ್ತಿದ್ದರೂ ತೆರಿಗೆ ಜಾಲದ ಹೊರಗಿದ್ದವು. 2025ರಲ್ಲಿ ಬೆಂಗಳೂರಿನ ಹೊರಗಿನ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಇವಕ್ಕೆ ಬಿ-ಖಾತೆ (ಅನಧಿಕೃತ ಆಸ್ತಿಯನ್ನು ತೆರಿಗೆಗೆ ತರುವ ಪ್ರತ್ಯೇಕ ದಾಖಲೆ) ಕೊಡುವ ಅಭಿಯಾನ ನಡೆಯಿತು, ಮೊದಲ ವರ್ಷ ದುಪ್ಪಟ್ಟು ತೆರಿಗೆ, ನಂತರ ಸಾಮಾನ್ಯ ದರ. ಆ ಮೊದಲ ವರ್ಷದ ಏರಿಕೆಯನ್ನೇ ಆಧಾರ ಮಾಡಿ ಮುಂದಿನ ಬಜೆಟ್ ಬರೆದರೆ ಎರಡನೇ ವರ್ಷ ಕೊರತೆ ಕಾಣುವುದು ಖಂಡಿತ. ಬಿ-ಖಾತೆ ಕೊಟ್ಟ ಮಾತ್ರಕ್ಕೆ ಕಟ್ಟಡ ಸಕ್ರಮ ಆಯಿತು ಎಂದಲ್ಲ, ಇದನ್ನು ಜನರಿಗೆ ಬಿಡಿಸಿ ಹೇಳಬೇಕು.

ಹೆದ್ದಾರಿ_ಬದಿ

ಒಂದು ವಿಷಯಕ್ಕೆ ನನ್ನ ತಕರಾರಿದೆ. ಗೋದಾಮು, ಕಾರ್ಖಾನೆಗಳನ್ನು ಗುಂಟೆ ಲೆಕ್ಕದಲ್ಲಿ ಕೀಳು ಮಾಡಿದಿರಿ. ಗೋದಾಮಿನ 80 ಹುಡುಗರು ಅದೇ ಊರಲ್ಲಿ ಮನೆ ಬಾಡಿಗೆ ಹಿಡಿಯುತ್ತಾರೆ, ಹೋಟೆಲಲ್ಲಿ ಉಣ್ಣುತ್ತಾರೆ. ಅದರಿಂದ ಹೊಸ ಮನೆ, ಹೊಸ ಮಳಿಗೆ ಏಳುತ್ತವೆ. ಆ ತೆರಿಗೆ ಯಾರ ಲೆಕ್ಕಕ್ಕೆ? ಗೋದಾಮಿಗೆ ನೀರು ಕಡಿಮೆ, ಕಸವೂ ಕಡಿಮೆ. ಮನೆಗಳ ಬಡಾವಣೆಗಿಂತ ಊರಿಗೆ ಹಗುರ.

ಚದರಡಿ

ನಿಮ್ಮ ಮಾತು ಅರ್ಧ ಒಪ್ಪುತ್ತೇನೆ ಸರ್. ಖರ್ಚು ಕಡಿಮೆ ಎನ್ನುವುದು ನಿಜ, ಬಡಾವಣೆಗಿಂತ ಗೋದಾಮು ನಗರಸಭೆಗೆ ಮೇಲು. ಹುಡುಗರ ಬಾಡಿಗೆಯಿಂದ ಏಳುವ ಮನೆಯ ತೆರಿಗೆಯೂ ನಿಜ, ಆದರೆ ಎರಡು ಷರತ್ತು. ಆ ಮನೆ ನಗರಸಭೆ ಗಡಿಯೊಳಗೆ ಏಳಬೇಕು. ಹೆದ್ದಾರಿ ಬದಿಯ ಬೆಳವಣಿಗೆ ಹೆಚ್ಚಾಗಿ ಪಕ್ಕದ ಗ್ರಾಮ ಪಂಚಾಯಿತಿಯಲ್ಲಿ ಆಗುತ್ತದೆ, ಆಸ್ತಿಯ ನಮೂನೆ-9, ನಮೂನೆ-11 ದಾಖಲೆ ಅಲ್ಲೇ, ತೆರಿಗೆ ಅಲ್ಲೇ. ಸಂಜೆ ಮಾರುಕಟ್ಟೆಗೆ ಮಾತ್ರ ಊರಿಗೆ ಬರುತ್ತಾರೆ. ಎರಡನೆಯದು, ಲಾರಿ. ತುಂಬಿದ ಲಾರಿಯ ಅಚ್ಚಿನ ಭಾರಕ್ಕೆ ಊರೊಳಗಿನ ರಸ್ತೆ ತಾಳುವುದಿಲ್ಲ. ಹೆದ್ದಾರಿಯಿಂದ ಗೋದಾಮಿಗೆ ಹೋಗುವ ಕೂಡುರಸ್ತೆಯನ್ನು ಪ್ರವರ್ತಕರೇ ಕಾಂಕ್ರೀಟಿನಲ್ಲಿ ಮಾಡಿಕೊಡುವಂತೆ ಪರವಾನಗಿಯಲ್ಲೇ ಬರೆಯಿರಿ. ಇಷ್ಟು ಮಾಡಿದರೆ ಗೋದಾಮು ಒಳ್ಳೆಯದೇ. ಐದು ವರ್ಷ ತೆರಿಗೆ ಬಿಟ್ಟುಕೊಡಿ ಎಂದು ಕೇಳಿದರೆ ಮಾತ್ರ ಬೇಡ, ಗೋದಾಮಿನಿಂದ ನಗರಸಭೆಗೆ ವರ್ಷವರ್ಷ ಸಿಗುವ ಮುಖ್ಯ ಹಣವೇ ಅದು.

ನೀಲನಕ್ಷೆ

ಗಡಿಯ ಮಾತು ಬಂದದ್ದರಿಂದ ಬೆಂಗಳೂರನ್ನು ನೆನೆಯಬೇಕು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ನಗರದ ಹಳೆಯ ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಮಹದೇವಪುರದಂಥ ಹೊರಭಾಗ ಟೆಕ್ ಪಾರ್ಕುಗಳಿಂದಾಗಿ ಆಸ್ತಿ ತೆರಿಗೆಯಲ್ಲಿ ಎಲ್ಲ ವಲಯಗಳಿಗಿಂತ ಮುಂದೆ ಹೋಯಿತು. 2024-25ರಲ್ಲಿ ಇಡೀ ನಗರದ ಆಸ್ತಿ ತೆರಿಗೆ ಸುಮಾರು 4,900 ಕೋಟಿ. ಒಂದೇ ಖಜಾನೆ ಇದ್ದಾಗ ಮಹದೇವಪುರದ ಹಣ ಕಡಿಮೆ ತೆರಿಗೆಯ ವಾರ್ಡಿಗೂ ಹರಿಯುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದವು. ಈಗ ಕಚೇರಿ ಕಟ್ಟಡಗಳ ಸಾಲು ಯಾರ ಗಡಿಯೊಳಗಿದೆ ಎನ್ನುವುದೇ ಸ್ವಂತ ಆದಾಯವನ್ನು ನಿರ್ಧರಿಸುತ್ತದೆ.

ಸ್ಥಿರ ತೆರಿಗೆ ಇದ್ದರೆ ಸಾಲವೂ ಹುಟ್ಟುತ್ತದೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿಯ ಬಾಂಡ್ ತಂದಿತು, ರಾಜ್ಯದ ಖಾತರಿಯೊಂದಿಗೆ. ಮರುವರ್ಷ ಅಹಮದಾಬಾದ್ ಖಾತರಿಯೇ ಇಲ್ಲದೆ 100 ಕೋಟಿ ಎತ್ತಿತು. ಸಾಲ ಕೊಡುವವರು ವರ್ಷವರ್ಷ ತಪ್ಪದೆ ಬರುವ ತೆರಿಗೆಯನ್ನು ನೋಡುತ್ತಾರೆ. ಒಮ್ಮೆ ಬಂದು ಹೋಗುವ ಶುಲ್ಕಕ್ಕೆ ಅವರ ಹತ್ತಿರ ಬೆಲೆಯಿಲ್ಲ.

ತಖ್ತೆ_ಬರೆಯುವವರು

ಕೈಬಿಟ್ಟ ನಾಲ್ಕು ವಿಷಯ ಬೇಗ ಹೇಳಿಬಿಡುತ್ತೇನೆ.

ಸೆಸ್ ನಿಮ್ಮ ಹಣ ಅಲ್ಲ. ಆರೋಗ್ಯ ಶೇ. 15, ಗ್ರಂಥಾಲಯ ಶೇ. 6, ಭಿಕ್ಷುಕರ ಪರಿಹಾರ ಶೇ. 3, ಇವು ತೆರಿಗೆ ಜೊತೆ ವಸೂಲಾಗುತ್ತವೆ, ಸಂಗ್ರಹ ವೆಚ್ಚ ಕಳೆದು ಆಯಾ ಇಲಾಖೆಗೆ ಕಟ್ಟಬೇಕು. ಕೈಯಲ್ಲಿದೆ ಎಂದು ಖರ್ಚು ಮಾಡಿದರೆ ಪ್ರತಿ ವರ್ಷದ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ ಬೆಳೆಯುತ್ತಲೇ ಹೋಗುತ್ತದೆ.

ರೈಲ್ವೆಯಂಥ ಕೇಂದ್ರ ಸರ್ಕಾರದ ಆಸ್ತಿಗೆ 285ನೇ ವಿಧಿಯಡಿ ತೆರಿಗೆ ಇಲ್ಲ. ಆದರೆ ಸೇವಾ ಶುಲ್ಕ ಇದೆ. ರಾಜಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಪ್ಪಿತವಾದ ಪ್ರಮಾಣ: ಎಲ್ಲ ಸೇವೆ ಬಳಸಿದರೆ ಆಸ್ತಿ ತೆರಿಗೆಯ ಶೇ. 75, ಭಾಗಶಃ ಬಳಸಿದರೆ ಶೇ. 50, ಏನೂ ಬಳಸದಿದ್ದರೆ ಮೂರನೇ ಒಂದು. ಇದಕ್ಕೆ ಒಪ್ಪಂದ ಮಾಡಿಕೊಳ್ಳಬೇಕು, ಎಷ್ಟೋ ಊರು ಮಾಡಿಕೊಂಡೇ ಇಲ್ಲ. ಮೊಬೈಲ್ ಗೋಪುರಕ್ಕೂ ತೆರಿಗೆ ಹಾಕಬಹುದು ಎಂದು 2016ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿದೆ.

15ನೇ ಹಣಕಾಸು ಆಯೋಗದ ಅನುದಾನಕ್ಕೆ ಎರಡು ಷರತ್ತು ಇತ್ತು: ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಇರಬೇಕು, ಆಸ್ತಿ ತೆರಿಗೆಯ ಕನಿಷ್ಠ ದರ ಗೊತ್ತುಮಾಡಿ ವಸೂಲಿಯು ರಾಜ್ಯದ ಆರ್ಥಿಕ ಬೆಳವಣಿಗೆಯ ಸರಾಸರಿ ವೇಗದಲ್ಲಿ ಏರಬೇಕು. ಅಂದರೆ ಸ್ವಂತ ತೆರಿಗೆ ಕುಗ್ಗಿದರೆ ಬರುವ ಅನುದಾನಕ್ಕೂ ಕುತ್ತು.

ಕೊನೆಯದು ಕೈಯಲ್ಲಿನ ನಗದು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಆದ್ದರಿಂದ ವರ್ಷದ ವಸೂಲಿಯ ದೊಡ್ಡ ಭಾಗ ಮೊದಲ ತಿಂಗಳುಗಳಲ್ಲೇ ಬರುತ್ತದೆ. ಮಳೆಗಾಲ ಮುಗಿದು ರಸ್ತೆ ಗುಂಡಿ ಮುಚ್ಚುವ ಹೊತ್ತಿಗೆ ಖಾತೆ ಬತ್ತಿರುತ್ತದೆ. ಏಪ್ರಿಲ್ ಹಣದಲ್ಲಿ ಅಕ್ಟೋಬರ್ ಕಾಮಗಾರಿಯ ಪಾಲನ್ನು ಬೇರೆ ಇಡಬೇಕು.

ಕೆರೆಯಂಗಳ

ಎಲ್ಲರಿಗೂ ವಂದನೆ. ಮುಂದಿನ ಸಾಮಾನ್ಯ ಸಭೆಗೆ ಮೊದಲು ನಗರಸಭೆಯಿಂದ ಯಾವ ದಾಖಲೆ ಕೇಳಬೇಕು ಹೇಳಿ, ಮಾಹಿತಿ ಹಕ್ಕಿನಲ್ಲೇ ಕೇಳುತ್ತೇವೆ.

ಬಾಕಿ_ವಸೂಲಿ

ಐದು ಸಾಕು. ಮೂರು ವರ್ಷದ ಡಿಸಿಬಿ ತಖ್ತೆ, ವಾರ್ಡುವಾರು, ಬೇಡಿಕೆ, ವಸೂಲಿ, ಬಾಕಿ ಮೂರೂ ಕಾಲಂ ಇರಲಿ. ವಸೂಲಿಯಲ್ಲಿ ಹಳೆ ಬಾಕಿ ಎಷ್ಟು, ಚಾಲ್ತಿ ಎಷ್ಟು ಎಂದು ಬಿಡಿಸಿ ಕೊಡಲು ಹೇಳಿ, ಇಲ್ಲದಿದ್ದರೆ ಹಳೆ ಬಾಕಿ ಬಂದ ವರ್ಷವನ್ನು ಪ್ರಗತಿ ಎಂದು ತೋರಿಸುತ್ತಾರೆ. ಎರಡು, ಮಳಿಗೆಗಳ ಪಟ್ಟಿ, ಬಾಡಿಗೆ ಮತ್ತು ಕರಾರು ಮುಗಿಯುವ ದಿನಾಂಕ ಸಮೇತ. ಮೂರು, ಮೂರು ವರ್ಷದಲ್ಲಿ ಕೊಟ್ಟ ಕಟ್ಟಡ ಪರವಾನಗಿಗಳ ಪಟ್ಟಿ. ಅದನ್ನು ಅದೇ ಅವಧಿಯಲ್ಲಿ ವಹಿಗೆ ಹೊಸದಾಗಿ ಸೇರಿದ ಆಸ್ತಿಗಳ ಪಟ್ಟಿಯ ಪಕ್ಕ ಇಟ್ಟರೆ ಬಿಟ್ಟುಹೋದದ್ದು ಕಣ್ಣಿಗೆ ಕಾಣುತ್ತದೆ. ನಾಲ್ಕು, ಅಭಿವೃದ್ಧಿ ಶುಲ್ಕ ಜಮೆಯಾದ ಬ್ಯಾಂಕ್ ಖಾತೆಯ ವಿವರ ಮತ್ತು ಅದರಿಂದ ತೆಗೆದ ಖರ್ಚು. ಐದು, ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್. ಈ ಬಿಲ್ಲಿಗೆ ರಾಜ್ಯದ ಅನುದಾನದಲ್ಲೇ ಕಡಿತವಾಗುವುದರಿಂದ ನಗರಸಭೆಯ ಬಜೆಟ್ ಪುಸ್ತಕದಲ್ಲಿ ಅದರ ನಿಜವಾದ ಗಾತ್ರ ಕಾಣುವುದಿಲ್ಲ.

ಅರ್ಜಿಯನ್ನು ಒಂದೊಂದಕ್ಕೆ ಬೇರೆ ಬೇರೆ ಹಾಕಿ. ಐದನ್ನೂ ಒಂದರಲ್ಲೇ ಕೇಳಿದರೆ ಒಂದು ಶಾಖೆಯ ಉತ್ತರ ಬರಲಿಲ್ಲ ಎಂದು ಉಳಿದ ನಾಲ್ಕೂ ಮೇಜಿನ ಮೇಲೇ ಉಳಿಯುತ್ತವೆ.